ಹದಿನೆಂಟು ಇಂಚಿನ ಗೋಡೆಗೊಂದು ರೂಟರ್

ಭದ್ರಾವತಿಯ ಹಳೇನಗರದಲ್ಲಿ ಷಡಕ್ಷರಪ್ಪನವರ ಮನೆಗೂ ಅವರ ಅಣ್ಣ ಮೂರ್ತಪ್ಪನವರ ಮನೆಗೂ ನಡುವೆ ಇರುವುದು ಒಂದೇ ಗೋಡೆ. ದಪ್ಪ ಹದಿನೆಂಟು ಇಂಚು. ಇಟ್ಟಿಗೆ, ಸುಣ್ಣದ ಗಾರೆ. ಮನೆಯೊಳಗಿನಿಂದ ಹೊರಟು ಅಂಗಳವನ್ನೂ ಸೀಳಿಕೊಂಡು ರಸ್ತೆಯವರೆಗೆ ಬರುತ್ತದೆ. ಅಂಗಳದ ಭಾಗದಲ್ಲಿ ಎತ್ತರ ಏಳಡಿ. ಬೆಕ್ಕು ಓಡಾಡದಿರಲೆಂದು ಅದರ ನೆತ್ತಿಯ ಮೇಲೆ ಗಾಜಿನ ಚೂರು ಕೂರಿಸಿದ್ದಾರೆ. ಬೆಕ್ಕುಗಳು ಓಡಾಡುತ್ತಲೇ ಇವೆ. ಅಣ್ಣತಮ್ಮಂದಿರು ಮಾತ್ರ ಹದಿಮೂರು ವರ್ಷದಿಂದ ಆ ಕಡೆಯಿಂದ ಈ ಕಡೆಗೆ ಹಾಯ್ದಿಲ್ಲ.

ಜಗಳಕ್ಕೆ ಗೋಡೆ ಕಾರಣವಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ಗೋಡೆ ಎದ್ದದ್ದು 1988ರಲ್ಲಿ, ಹಿಸೆಯಾದಾಗ, ಇಬ್ಬರ ಒಪ್ಪಿಗೆಯಿಂದ. ಆ ದಿನ ಎರಡೂ ಮನೆಯವರು ಒಂದೇ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡರು. ಹಿಸೆಯಲ್ಲಿ ಪಾಲಾಗದೆ ಉಳಿದದ್ದು ಟಿವಿ ಆಂಟೆನಾ ಒಂದೇ. ಅನಾಹುತವಾದದ್ದು ಅದರಿಂದ.

1996ರ ಮಾರ್ಚ್ 9, ಶನಿವಾರ. ಬೆಂಗಳೂರಿನಲ್ಲಿ ವಿಶ್ವಕಪ್ ಕ್ವಾರ್ಟರ್ ಫೈನಲ್, ಭಾರತ–ಪಾಕಿಸ್ತಾನ. ಟಿವಿ ಇದ್ದದ್ದು ಷಡಕ್ಷರಪ್ಪನವರ ನಡುಮನೆಯಲ್ಲಿ. ನೋಡುತ್ತಿದ್ದವರು ಎರಡೂ ಮನೆಯವರು ಮತ್ತು ಅರ್ಧ ಬೀದಿ. ಭಾರತದ ಇನಿಂಗ್ಸ್ ಮುಗಿಯುವ ಹೊತ್ತಿಗೆ ಸರಿಯಾಗಿ ಗಾಳಿ ಬೀಸಿ ಪರದೆ ತುಂಬ ಅಕ್ಕಿ ನುಚ್ಚು ಚೆಲ್ಲಿದಂತಾಯಿತು. ಷಡಕ್ಷರಪ್ಪನವರಿಗೆ ಏಣಿಯ ಮೂರನೇ ಮೆಟ್ಟಿಲಿಗೇ ತಲೆ ಸುತ್ತುತ್ತದೆ. ಹಾಗಾಗಿ ಎಂದಿನಂತೆ ಹೆಂಚಿನ ಮೇಲೆ ಹತ್ತಿದವರು ಅಣ್ಣ ಮೂರ್ತಪ್ಪ.

"ಬಂತಾ?" ಎಂದರು ಮೇಲಿನಿಂದ.

"ಇಲ್ಲ... ಇಲ್ಲ... ಬಂತು!" ಎಂದರು ಕೆಳಗಿನಿಂದ ತಮ್ಮ.

ಮೂರ್ತಪ್ಪ ಕೈ ಬಿಟ್ಟರು. ಚಿತ್ರ ಹೋಯಿತು. ಹಿಡಿದರು, ಬಂತು.

"ಹಾಗೇ ಹಿಡ್ಕೊಂಡಿರಣ್ಣ, ಒಂದೇ ಒಂದು ಓವರ್!" ಎಂದು ಷಡಕ್ಷರಪ್ಪ ಕೂಗಿ ಒಳಗೆ ಹೋದರು.

ಹೋದವರು ಮರೆತರು. ಕೊನೆಯ ಮೂರು ಓವರ್‌ಗಳಲ್ಲಿ ಐವತ್ತೊಂದು ರನ್ ಬಂದವು. ಅರ್ಧ ಬೀದಿ ಕುಣಿಯಿತು. ಅಷ್ಟು ಹೊತ್ತೂ ಮೂರ್ತಪ್ಪ ಎರಡೂ ಕೈಯಲ್ಲಿ ಅಲ್ಯೂಮಿನಿಯಂ ಕೊಳವೆ ಹಿಡಿದು, ಮುಳುಗುವ ಸೂರ್ಯನಿಗೆ ಮುಖ ಮಾಡಿ, "ಬಂತಾ? ಲೋ, ಬಂತಾ?" ಎಂದು ಕೇಳುತ್ತಲೇ ಇದ್ದರು. ಉತ್ತರ ಕೊಟ್ಟವರು ರಸ್ತೆಯಲ್ಲಿ ಹೋಗುತ್ತಿದ್ದ ಎದುರುಮನೆ ಕಾಳಮ್ಮ ಒಬ್ಬರೇ.

"ಏನ್ ಮೂರ್ತಣ್ಣ, ಕಾಗೆ ಓಡಿಸ್ತಿದೀರಾ?"

ಪ್ರತ್ಯಕ್ಷದರ್ಶಿ ಕಾಳಮ್ಮನವರ ಪ್ರಕಾರ ಮೂರ್ತಪ್ಪ ಮೇಲಿದ್ದದ್ದು ಇಪ್ಪತ್ತೆರಡು ನಿಮಿಷ. ಕೆಳಗಿಳಿದವರು ಚಪ್ಪಲಿ ಮೆಟ್ಟಿ ತಮ್ಮದೇ ಮನೆಗೆ ಹೋದರು. "ಚಿತ್ರ ತರೋ ಯಾವ ತಂತೀನೂ ನನ್ನ ಹೊಸ್ತಿಲು ದಾಟಬಾರ್ದು" ಎಂದು ಅಂದು ಆಡಿದ ಮಾತನ್ನು ಹದಿಮೂರು ವರ್ಷ ಉಳಿಸಿಕೊಂಡರು. ಬೀದಿಗೆಲ್ಲ ಕೇಬಲ್ ಬಂತು. ಅವರ ಮನೆಗೆ ಬರಲಿಲ್ಲ. ಹೆಂಡತಿ ತೀರಿಕೊಂಡ ಮೇಲೂ, ಕಾರ್ಖಾನೆಯಿಂದ ನಿವೃತ್ತರಾದ ಮೇಲೂ, ಅವರ ಕ್ರಿಕೆಟ್ ಏನಿದ್ದರೂ ರೇಡಿಯೊದಲ್ಲಿ. ಊರಿನಲ್ಲಿ ಯಾರಾದರೂ ಆ ಮೂರು ಓವರ್‌ಗಳ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಊರಿನವರು ಅದನ್ನೇ ಎತ್ತುತ್ತಿದ್ದರು.

ಷಡಕ್ಷರಪ್ಪ ತಾಲ್ಲೂಕು ಕಚೇರಿಯ ದಾಖಲೆ ವಿಭಾಗದವರು. ಯಾರ ಮನೆಯ ಯಾವ ಕಾಗದ ಯಾವ ಕಪಾಟಿನಲ್ಲಿದೆ ಎಂಬುದು ಅವರಿಗೆ ಗೊತ್ತು. ಅಣ್ಣನ ಮುಂದೆ ಹೋಗಿ "ತಪ್ಪಾಯ್ತು" ಎನ್ನುವುದು ಹೇಗೆ ಎಂಬ ಕಾಗದ ಮಾತ್ರ ಯಾವ ಕಟ್ಟಿನಲ್ಲೂ ಸಿಕ್ಕಿರಲಿಲ್ಲ. ಪಂದ್ಯವಿದ್ದ ದಿನ ಟಿವಿಯ ಸದ್ದನ್ನು ಪೂರ್ತಿ ಏರಿಸಿ, ಅಡುಗೆಮನೆಯ ಕಡೆಗಲ್ಲದೆ ಗೋಡೆಯ ಕಡೆಗೆ ತಿರುಗಿ, "ವೀರಾ, ನಾಲ್ಕು ವಿಕೆಟ್ ಹೋಯ್ತು!" ಎಂದು ಹೆಂಡತಿಗೆ ಹೇಳುತ್ತಿದ್ದರು.

"ಹೋಗ್ಲಿ ಬಿಡ್ರೀ, ನಾವೇನ್ ಮಾಡಕ್ಕಾಗುತ್ತೆ" ಎನ್ನುತ್ತಿದ್ದರು ವೀರಮ್ಮ.

ಗೋಡೆಯಾಚೆ ರೇಡಿಯೊದ ಸದ್ದು ಸ್ವಲ್ಪ ಕಡಿಮೆಯಾಗುತ್ತಿತ್ತು. ಹದಿಮೂರು ವರ್ಷದಲ್ಲಿ ಅಣ್ಣನಿಂದ ಅವರಿಗೆ ಸಿಕ್ಕ ಉತ್ತರ ಅಷ್ಟೇ.

2009ರ ಫೆಬ್ರುವರಿಯಲ್ಲಿ ಮಗಳು ರಶ್ಮಿ ಮನೆಯ ಕಂಪ್ಯೂಟರಿನಲ್ಲಿ ಏನನ್ನೋ ಹುಡುಕುತ್ತಿದ್ದಳು. ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುವ ಹುಡುಗಿ. ಅವಳಿಗಾಗಿ ಬ್ರಾಡ್‌ಬ್ಯಾಂಡ್ ಬಂದು ಆರು ತಿಂಗಳಾಗಿತ್ತು.

"ಅಪ್ಪಾ, ನಿಮ್ಮ ಮ್ಯಾಚ್ ಇಲ್ಲಿದೆ ನೋಡಿ. ಆ ಕೊನೇ ಓವರ್‌ಗಳು."

ಷಡಕ್ಷರಪ್ಪ ನೋಡಿದರು. ಆರು ನಿಮಿಷದ ವಿಡಿಯೊ. ಮುಗಿದ ಮೇಲೆ ಅವರ ಬಾಯಿಂದ ಬಂದದ್ದು ಒಂದೇ ಮಾತು: "ಇದನ್ನ ಅಣ್ಣ ನೋಡ್ಬೇಕು."

"ಸೀಡಿಗೆ ಹಾಕ್ಕೊಡ್ತೀನಿ, ಕೊಟ್ಟು ಬನ್ನಿ."

"ಈ ಮನೆ ಕೈಯಿಂದ ಕೊಟ್ಟದ್ದನ್ನ ಅವನು ಮುಟ್ಟಲ್ಲ."

"ಅಮ್ಮ ಕಳಿಸೋ ಕಡುಬು ಮುಟ್ತಾರಲ್ಲ?"

"ಕಡುಬು ಬೇರೆ, ಕ್ರಿಕೆಟ್ ಬೇರೆ."

ದಾರಿ ತೋರಿಸಿದವನು ಮೂರ್ತಪ್ಪನವರ ಮಗ ಪ್ರಸನ್ನಕುಮಾರ. ಹೊಳೆಹೊನ್ನೂರಿನ ಬ್ಯಾಂಕಿನಲ್ಲಿ ಗುಮಾಸ್ತ. ಅವನ ಬಳಿ ಒಂದು ಲ್ಯಾಪ್‌ಟಾಪ್ ಇತ್ತು, ಇಂಟರ್‌ನೆಟ್ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಪ್ಪನ ಮಾತು ಕೇಳಿ ಅವನು ಯೋಚಿಸಿ ಹೇಳಿದ: "ಅಪ್ಪ ತಂತಿ ಬೇಡ ಅಂದಿರೋದು ತಾನೇ? ವೈರ್‌ಲೆಸ್ ರೂಟರ್ ಹಾಕ್ಸಿ ಚಿಕ್ಕಪ್ಪ. ಅದಕ್ಕೆ ತಂತೀನೇ ಇಲ್ಲ. ಗೋಡೆ ದಾಟಿ ಬಂದ್ರೆ ನಾನು ಹಾಕಿ ತೋರಿಸ್ತೀನಿ."

ಷಡಕ್ಷರಪ್ಪ ಅಂದೇ ಅರ್ಧ ದಿನ ರಜೆ ಹಾಕಿ ಶಿವಮೊಗ್ಗದ ಬಸ್ಸು ಹತ್ತಿದರು. ಮಲವಗೊಪ್ಪ ದಾಟುವ ಹೊತ್ತಿಗೆ ಪಕ್ಕದ ಸೀಟಿನವರಿಗೆ ರೂಟರಿನ ಬಗ್ಗೆ ತಮಗೆ ತಿಳಿಯದ್ದನ್ನೆಲ್ಲ ವಿವರಿಸಿ ಮುಗಿಸಿದ್ದರು.

ನೆಹರೂ ರಸ್ತೆಯ ಕಂಪ್ಯೂಟರ್ ಅಂಗಡಿಯ ರೇಣುಕಾಪ್ರಸಾದ್ ತಾಳ್ಮೆಯ ಮನುಷ್ಯ. ಮೇಜಿನ ಮೇಲೆ ಒಂದು ಕೋಡಿನದು, ಎರಡು ಕೋಡಿನದು, ಮೂರು ಕೋಡಿನದು ಎಂದು ಸಾಲಾಗಿ ಇಟ್ಟ.

"ನಂಬಿಕಸ್ತ ಯಾವ್ದು?" ಎಂದು ಕೇಳಿದರು ಷಡಕ್ಷರಪ್ಪ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಂತೆ ಒಂದೊಂದನ್ನೂ ತಿರುಗಿಸಿ ಹಿಂಬದಿಯ ತೂತುಗಳನ್ನು ಎಣಿಸಿದರು.

"ಎಲ್ಲಾ ಚೆನ್ನಾಗಿವೆ ಸಾರ್. ಮನೇಲಿ ಎಷ್ಟು ಜನ ಬಳಸ್ತೀರಾ?"

"ಒಬ್ರು. ಆದ್ರೆ ಅವರು ನಮ್ಮನೇಲಿಲ್ಲ."

ರೇಣುಕಾಪ್ರಸಾದ್ ಇದನ್ನು ಕೇಳಿಸಿಕೊಳ್ಳಲಿಲ್ಲವೆಂಬಂತೆ ಮುಂದುವರಿದ. "ಇದು ಮುನ್ನೂರಡಿ ಹೋಗುತ್ತೆ."

"ನಂಗೆ ಹದಿನೆಂಟು ಇಂಚು ಸಾಕು."

"ಬಯಲಲ್ಲಿ ಮುನ್ನೂರಡಿ ಸಾರ್. ಗೋಡೆ ಇದ್ರೆ ಕಷ್ಟ."

"ನಮ್ ಕಷ್ಟಾನೂ ಗೋಡೇದೇ ಮಾರಾಯ." ಷಡಕ್ಷರಪ್ಪ ಎರಡು ಕೋಡಿನದನ್ನು ಮೆಲ್ಲಗೆ ಮುಟ್ಟಿದರು. "ಇವು ಆಂಟೆನಾನಾ?"

"ಹೌದು ಸಾರ್."

"ಇದನ್ನ ಯಾರು ಹಿಡ್ಕೊಂಡಿರ್ಬೇಕು?"

"ಯಾರೂ ಹಿಡ್ಕೊಳೋದು ಬೇಡ ಸಾರ್."

"ಖಂಡಿತಾ?"

"ಖಂಡಿತಾ."

"ಕರೆಂಟ್ ಹೋದ್ರೆ?"

"ಸಿಗ್ನಲ್ ಹೋಗುತ್ತೆ. ಕರೆಂಟ್ ಬಂದ್ರೆ ತಾನೇ ಬರುತ್ತೆ."

"ತಾನೇ ಬರುತ್ತಾ! ಯಾರೂ ಹೋಗಿ ಕರೆಯೋದು ಬೇಡ್ವಾ?"

"ಬೇಡ ಸಾರ್," ಎಂದ ರೇಣುಕಾಪ್ರಸಾದ್, ಗಿರಾಕಿಯ ಕಣ್ಣು ಯಾಕೆ ಒದ್ದೆಯಾಯಿತೆಂದು ತಿಳಿಯದೆ. "ಗೋಡೆ ಸರಿಯಾಗಿ ಎಷ್ಟು ದಪ್ಪ, ಎಷ್ಟು ಉದ್ದ ಅಂತ ಅಳೆದು ಹೇಳಿ. ಯಾವುದು ಆಗುತ್ತೆ ಅಂತ ನೋಡಿ ಕೊಡ್ತೀನಿ."

ಅವನು ಕೊಟ್ಟ ಸಲಹೆ ತಾಂತ್ರಿಕವಾಗಿ ಸರಿ. ಆದರೆ ಅವನಿಗೆ ಹಳೇನಗರ ಗೊತ್ತಿರಲಿಲ್ಲ. ಅಲ್ಲಿ ಗಂಡಸೊಬ್ಬ ಟೇಪು ಹಿಡಿದು ಹಿಸೆ ಗೋಡೆಯ ಪಕ್ಕ ನಿಂತನೆಂದರೆ ಅವನು ವಕೀಲರನ್ನು ಕಂಡು ಬಂದಿದ್ದಾನೆಂದೇ ಅರ್ಥ. ಬೇರೆ ಯಾವ ಕಾರಣಕ್ಕೂ ಯಾರೂ ಅಲ್ಲಿ ಗೋಡೆ ಅಳೆದ ದಾಖಲೆಯಿಲ್ಲ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಷಡಕ್ಷರಪ್ಪ ಗೋಡೆ ಅಳೆದರು. ಏಳೂಕಾಲಿಗೆ ಕಾಳಮ್ಮ ನೋಡಿದರು.

"ಏನ್ ಷಡಕ್ಷರಣ್ಣ, ಅಳತೆ?"

"ಒಂದು ಸಾಮಾನು ತರ್ಬೇಕಿತ್ತು ಕಾಳಮ್ಮ. ಗೋಡೆ ದಾಟೋ ಅಂಥದ್ದು."

ಎಂಟು ಗಂಟೆಗೆ ಹಾಲಿನ ಡೈರಿಯಲ್ಲಿ ಸುದ್ದಿ ಹೀಗಿತ್ತು: ತಮ್ಮ ಗೋಡೆ ಅಳೆಯುತ್ತಿದ್ದಾನೆ. ಒಂಬತ್ತಕ್ಕೆ ಹೋಟೆಲಿನಲ್ಲಿ: ಅಣ್ಣ ಒಂಬತ್ತು ಇಂಚು ಒತ್ತುವರಿ ಮಾಡಿದ್ದಾರಂತೆ, ದಾಖಲೆ ವಿಭಾಗದಲ್ಲೇ ಇರುವ ತಮ್ಮನಿಗೆ ಹಳೇ ನಕ್ಷೆ ಸಿಕ್ಕಿದೆಯಂತೆ. ಹನ್ನೊಂದಕ್ಕೆ ಅದು ಮೂರ್ತಪ್ಪನವರ ಜಗಲಿ ಮುಟ್ಟಿದಾಗ, ಷಡಕ್ಷರಪ್ಪ ಗೋಡೆ ಒಡೆಯಲು ಶಿವಮೊಗ್ಗದಿಂದ ಯಂತ್ರ ತರಿಸುತ್ತಿದ್ದರು.

ಮಧ್ಯಾಹ್ನ ಮೂರ್ತಪ್ಪ ಉಣ್ಣಲಿಲ್ಲವೆಂಬುದು, ವೀರಮ್ಮ ಹಿತ್ತಿಲ ಬಾಗಿಲಿನಿಂದ ಕಳಿಸಿದ್ದ ಪಲ್ಯದ ಬಟ್ಟಲು ಮುಚ್ಚಿದಂತೆಯೇ ವಾಪಸು ಬಂದಾಗ ತಿಳಿಯಿತು.

"ಹದಿಮೂರು ವರ್ಷದಲ್ಲಿ ತುಂಬಿದ ಬಟ್ಟಲು ಹಾಗೇ ವಾಪಸ್ ಬಂದಿರ್ಲಿಲ್ಲ. ಏನ್ ಮಾಡಿದ್ರಿ ನೀವು?" ಎಂದರು ವೀರಮ್ಮ ಗಂಡನಿಗೆ.

"ಏನೂ ಮಾಡಿಲ್ವೇ. ಗೋಡೆ ಅಳೆದೆ."

ವೀರಮ್ಮ ಹಣೆ ಚಚ್ಚಿಕೊಂಡರು.

ಭಾನುವಾರ ಮೂರ್ತಪ್ಪನವರ ಕಡೆಯಿಂದ ನಿವೃತ್ತ ಸರ್ವೆಯರ್ ಪುಟ್ಟಯ್ಯ ಸರಪಳಿ ಹಿಡಿದು ಬಂದರು. ಅಂಗಳದ ಗೋಡೆ ರಸ್ತೆಯಲ್ಲಿ ಮುಗಿಯುವ ಜಾಗದಲ್ಲಿ, ಆ ಕಡೆ ಅಣ್ಣ, ಈ ಕಡೆ ತಮ್ಮ, ನಡುವೆ ಪುಟ್ಟಯ್ಯ ನಿಂತರು. ಎದುರಿಗೆ ಕಾಳಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೂತರು. ಒಂದು ಕಲ್ಲನ್ನೂ ಆರಿಸಲಿಲ್ಲ.

"ಪುಟ್ಟಯ್ಯನೋರೆ, ಅವರಿಗೆ ಎಷ್ಟು ಇಂಚು ಬೇಕಂತೆ ಕೇಳಿ," ಎಂದರು ಮೂರ್ತಪ್ಪ. "ಪೂರ್ತಿ ಗೋಡೆ ಬೇಕಂದ್ರೂ ಒಯ್ಯಲಿ."

ತಮ್ಮ ಎರಡಡಿ ದೂರದಲ್ಲಿದ್ದರೂ ಪುಟ್ಟಯ್ಯ ನಿಯಮದಂತೆ ತಿರುಗಿ ಕೇಳಿದರು: "ಎಷ್ಟು ಇಂಚು ಬೇಕಂತೆ."

"ಒಂದಿಂಚೂ ಬೇಡ ಅಂತ ಹೇಳಿ."

"ಬೇಡವಂತೆ."

"ಬೇಡದಿದ್ರೆ ಅಳೆದಿದ್ದು ಯಾಕಂತೆ?"

"ಯಾಕಂತೆ?"

"ರೂಟರಿಗೆ ಅಂತ ಹೇಳಿ."

ಪುಟ್ಟಯ್ಯನವರಿಗೆ ಇದನ್ನು ದಾಟಿಸುವುದು ಕಷ್ಟವಾಯಿತು. ಮೂವತ್ತಾರು ವರ್ಷದ ಸೇವೆಯಲ್ಲಿ ಅವರು ಗದ್ದೆಗೆ, ದಾರಿಗೆ, ಸ್ಮಶಾನಕ್ಕೆ ಅಳೆದಿದ್ದರು. "ರೂಟರ್ ಅಂದ್ರೆ ಯಾವ ಬಾಬ್ತು? ಖರಾಬಾ, ಬಾಗಾಯ್ತಾ?"

"ಅಯ್ಯೋ, ಅದು ಜಮೀನಲ್ಲ ಪುಟ್ಟಯ್ಯನೋರೆ!" ಷಡಕ್ಷರಪ್ಪನವರ ದನಿ ಏರಿತು. ಬೀದಿಯೆಲ್ಲ ಕಿವಿಯಾಗಿದೆ ಎಂಬುದನ್ನು ಅವರು ಮರೆತರು. "ಆ ಮೂರು ಓವರ್ ಇದೆಯಲ್ಲ, ಅದು ಸಿಕ್ಕಿದೆ. ನಮ್ಮನೇಲಿದೆ. ಅದು ಗೋಡೆ ದಾಟಿ ಆ ಕಡೆ ಹೋಗ್ಬೇಕು. ಅದಕ್ಕೆ ಅಳೆದೆ. ನಂಗಿನ್ನೇನೂ ಬೇಡ ಅಂತ ಹೇಳಿ."

ಪುಟ್ಟಯ್ಯ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ.

ಮೂರ್ತಪ್ಪ, "ಅವರ ಓವರ್ ಅವರೇ ಇಟ್ಕೊಳ್ಲಿ ಅಂತ ಹೇಳಿ" ಎಂದು ಒಳಗೆ ಹೋಗಿ ಕದ ಹಾಕಿಕೊಂಡರು.

ಪುಟ್ಟಯ್ಯ ಕಟ್ಟುನಿಟ್ಟಿನ ಮನುಷ್ಯ. ಬಂದ ಕೆಲಸ ಬಿಡುವವರಲ್ಲ. ಹಾಗಾಗಿ ಅಳೆದೇ ಅಳೆದರು. ಗೋಡೆಯ ಮಧ್ಯಗೆರೆಯಿಂದ ಆ ಕಡೆ ಒಂಬತ್ತು, ಈ ಕಡೆ ಒಂಬತ್ತು. "ಕೂದಲಷ್ಟೂ ಹೆಚ್ಚುಕಮ್ಮಿ ಇಲ್ಲ," ಎಂದು ಸರಪಳಿ ಸುತ್ತುತ್ತ ಬೇಸರದಿಂದ ಹೇಳಿದರು. ಹೊರಡುವಾಗ ಷಡಕ್ಷರಪ್ಪನವರ ಕಿವಿಯ ಹತ್ತಿರ ಬಂದರು. "ನಿಮ್ಮ ಆ ಸಾಮಾನು ಗಾಳೀಲಿ ಹೋಗೋದಾ? ಹಾಗಿದ್ರೆ ಕಳಿಸಿ. ಗಾಳಿಗೆ ಸರ್ವೆ ನಂಬರಿಲ್ಲ."

ಸಂಜೆ ಪ್ರಸನ್ನಕುಮಾರ ಬಂದು ವರದಿ ಒಪ್ಪಿಸಿದ. "ಅಪ್ಪ ಬೇಡವೇ ಬೇಡ ಅಂದ್ರು ಚಿಕ್ಕಪ್ಪ. ಆದ್ರೆ ನನ್ನ ಲ್ಯಾಪ್‌ಟಾಪ್ ಕಾಲಿಗೆ ಸಿಗುತ್ತಂತೆ. ಎತ್ತಿ ಮುಂದಿನ ಕಿಟಕಿ ಹತ್ರ ಇಡು ಅಂತ ಬೈದ್ರು."

ಷಡಕ್ಷರಪ್ಪ ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಶಿವಮೊಗ್ಗಕ್ಕೆ ಹೋದರು. ನೆಹರೂ ರಸ್ತೆಯಲ್ಲಿ ಅಂಗಡಿಯ ಬಾಗಿಲು ತೆಗೆಯುವವರೆಗೆ ಮೆಟ್ಟಿಲ ಮೇಲೆ ಕಾದು ಕೂತಿದ್ದು, ಎರಡು ಕೋಡಿನದನ್ನೇ ತಂದರು. ಹಿಂದೆ ಅದನ್ನು ಕೊಂಡ ಮೂವರ ವಿಳಾಸ ಕೇಳಿ ಪಡೆದು, ದುರ್ಗಿಗುಡಿಯಲ್ಲಿದ್ದ ಒಬ್ಬರ ಮನೆಗೆ ಖುದ್ದು ಹೋಗಿ ವಿಚಾರಿಸಿಕೊಂಡೂ ಬಂದರು. ಹೆಣ್ಣು ಕೊಡುವಾಗ ಮಾಡುವಷ್ಟೇ ವಿಚಾರಣೆ. ಎಲ್ಲರೂ ಒಳ್ಳೆಯ ಮಾತೇ ಹೇಳಿದರಂತೆ.

ಮುಂದಿನ ಭಾನುವಾರ ಸಂಜೆ ರಶ್ಮಿ ರೂಟರ್ ಜೋಡಿಸಿದಳು. ಆ ಕಡೆ ಕಿಟಕಿಯ ಬಳಿ ಲ್ಯಾಪ್‌ಟಾಪಿನ ಮುಂದೆ ಪ್ರಸನ್ನಕುಮಾರ.

ನಡುಮನೆಯಲ್ಲಿಟ್ಟರು. "ಇಲ್ಲ ಚಿಕ್ಕಪ್ಪ." ದೇವರ ಗೂಡಿನ ಮೇಲಿಟ್ಟರು. "ಇಲ್ಲ." ವೀರಮ್ಮನ ಆಕ್ಷೇಪಣೆಯನ್ನು ತಳ್ಳಿಹಾಕಿ ಅಕ್ಕಿ ಡ್ರಮ್ಮಿನ ಮೇಲಿಟ್ಟರು. "ಇಲ್ಲ." ಉದ್ದದ ತಂತಿ ಎಳೆದು ಅಂಗಳಕ್ಕೆ ತಂದು ಒರಳುಕಲ್ಲಿನ ಮೇಲಿಟ್ಟರು. "ಸಿಗ್ನಲ್ ಒಂದು ಗೀಟು ಬಂತು. ವಿಡಿಯೊ ಓಡ್ತಿಲ್ಲ, ಬರೀ ಸುತ್ತುತ್ತೆ." ಗೋಡೆಯ ಮೇಲಿಡೋಣವೆಂದರೆ ಗಾಜಿನ ಚೂರು.

ಷಡಕ್ಷರಪ್ಪ ಏಣಿ ತಂದು ಗೋಡೆಗೆ ಒರಗಿಸಿದರು.

"ಅಪ್ಪ, ಬೇಡ. ನಾನು ಹತ್ತುತ್ತೀನಿ," ಎಂದಳು ರಶ್ಮಿ.

"ನೀನಲ್ಲಮ್ಮ," ಎಂದರು.

ಮೊದಲನೇ ಮೆಟ್ಟಿಲು. ಎರಡು. ಮೂರನೆಯದಕ್ಕೆ ಭದ್ರಾವತಿಯೇ ಒಂದು ಸುತ್ತು ತಿರುಗಿತು. ಕಣ್ಣು ಮುಚ್ಚಿ ನಾಲ್ಕು, ಐದು. ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ರೂಟರ್. ಕಾಲು ತಮ್ಮ ಜಾಗದಲ್ಲಿ. ಕೈ ಗಾಜಿನ ಚೂರುಗಳ ಮೇಲಿನಿಂದ ಚಾಚಿ ಅಣ್ಣನ ಅಂಗಳದಲ್ಲಿ, ಅಣ್ಣನ ಕಿಟಕಿಯ ಕಡೆಗೆ.

"ಬಂತಾ?"

"ಬಂತು ಚಿಕ್ಕಪ್ಪ! ನಾಲ್ಕು ಗೀಟು!"

ಕೈ ನೋಯಿತೆಂದು ಹಿಂದಕ್ಕೆ ತಂದರು. "ಹೋಯ್ತು!" ಎಂದಿತು ಕಿಟಕಿ. ಮತ್ತೆ ಚಾಚಿದರು. "ಬಂತು!"

ಖಂಡಿತಾ ಯಾರೂ ಹಿಡಿಯುವುದು ಬೇಡ ಎಂದಿದ್ದ ರೇಣುಕಾಪ್ರಸಾದನ ಹೆಸರನ್ನು ಅವರು ಒಮ್ಮೆ ಉಚ್ಚರಿಸಿದರು. ಜೊತೆಗೆ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಕಣ್ಣು ತೆರೆದಾಗ ಅವರಿಗೆ ರಸ್ತೆ ಕಂಡಿತು. ರಸ್ತೆಯಲ್ಲಿ ಪ್ರಸನ್ನಕುಮಾರ ಚೀಲ ಹಿಡಿದು ಹೋಗುತ್ತಿದ್ದ.

"ಎಲ್ಲಿಗೋ?" ಎಂದರು ಗಾಬರಿಯಿಂದ.

"ಅಪ್ಪ ಸಕ್ಕರೆ ತಾ ಅಂತ ಕಳಿಸಿದ್ರು. ನಿನ್ನೆ ತಾನೇ ತಂದಿದ್ದೆ," ಎಂದು ಅವನು ತಿರುವಿನಲ್ಲಿ ಮರೆಯಾದ.

ಹಾಗಾದರೆ ಈಗ ಆ ಮನೆಯೊಳಗೆ ಇರುವವರು ಒಬ್ಬರೇ. ಕಿಟಕಿಯಲ್ಲಿ ಬೆಳಕು ಕಾಣುತ್ತಿತ್ತು, ಮನುಷ್ಯ ಕಾಣುತ್ತಿರಲಿಲ್ಲ.

"ಬಂತಾ?" ಎಂದರು, ಮೆಲ್ಲಗೆ.

ಐದು ನಿಮಿಷವಾಯಿತು. ಕೆಳಗೆ ರಶ್ಮಿ ಏಣಿ ಹಿಡಿದು ನಿಂತಿದ್ದಳು. ಸೂರ್ಯ ಮುಳುಗುತ್ತಿದ್ದ. ಹತ್ತು ನಿಮಿಷವಾಯಿತು.

"ಬಂತಾ?"

ಎದುರುಮನೆ ಕಾಳಮ್ಮ ರಸ್ತೆಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ತಲೆಯೆತ್ತಿ ನೋಡಿದರು. ಅವರ ಬಾಯಿಂದ ಏನು ಬರುತ್ತದೆಂಬುದು ಷಡಕ್ಷರಪ್ಪನವರಿಗೆ ಗೊತ್ತಿತ್ತು. ಬಂದೂ ಬಂತು.

"ಏನ್ ಷಡಕ್ಷರಣ್ಣ, ಕಾಗೆ ಓಡಿಸ್ತಿದೀರಾ?"

"ಹೂಂ ಕಾಳಮ್ಮ," ಎಂದರು. "ನಿಮಗೇನಾದ್ರೂ ಕೆಲಸ ಇದ್ರೆ ನೋಡ್ಕೊಳ್ಳಿ."

ಆಗ ಕಿಟಕಿಯೊಳಗಿನಿಂದ ಕೆಮ್ಮು ಕೇಳಿತು. ಮೂರ್ತಪ್ಪನವರದೇ ಕೆಮ್ಮು. ಅದರ ಹಿಂದೆಯೇ, ತಮ್ಮನೊಡನೆ ಹದಿಮೂರು ವರ್ಷ ಬಳಸದೆ ತುಕ್ಕು ಹಿಡಿದ ದನಿ.

"ಬಂತು."

ಷಡಕ್ಷರಪ್ಪನವರ ಕೈಯಲ್ಲಿದ್ದ ರೂಟರ್ ಅಲುಗಾಡಿತು.

"ಅಲ್ಲಾಡಿಸ್ಬೇಡ್ವೋ! ಹಾಗೇ ಹಿಡ್ಕೊ," ಎಂದಿತು ಕಿಟಕಿ. "ಒಂದೇ ಒಂದು ಓವರ್."

ವಿಡಿಯೊ ಆರು ನಿಮಿಷದ್ದೆಂದು ಮೊದಲೇ ವರದಿ ಮಾಡಿದೆ. ಷಡಕ್ಷರಪ್ಪ ಏಣಿಯ ಮೇಲೆ ಇದ್ದದ್ದು, ಅದೇ ಪ್ರತ್ಯಕ್ಷದರ್ಶಿಯ ಪ್ರಕಾರ, ಇಪ್ಪತ್ತೆರಡು ನಿಮಿಷ. ಒಂದು ನಿಮಿಷ ಹೆಚ್ಚಿಲ್ಲ, ಕಡಿಮೆಯಿಲ್ಲ. ಲೆಕ್ಕ ಇಟ್ಟವರು ಕಾಳಮ್ಮ ಒಬ್ಬರೇ ಅಲ್ಲವೆಂದು ತೋರುತ್ತದೆ.

ಮಾರನೆಯ ದಿನ ರಶ್ಮಿ ಒಂದು ಮೊಳೆ, ಒಂದು ಕಬ್ಬಿಣದ ಪಟ್ಟಿ ತಂದಳು. "ಗೋಡೆಗೆ ಹೊಡೆದ್ಬಿಡ್ತೀನಿ ಅಪ್ಪ. ರೂಟರ್ ತಾನೇ ನಿಂತ್ಕೊಳುತ್ತೆ." ಷಡಕ್ಷರಪ್ಪ ಮೊಳೆಯನ್ನು ಕಸಿದುಕೊಂಡು ಕಚೇರಿಯ ಚೀಲದಲ್ಲಿ ಹಾಕಿಕೊಂಡರು.

ವಾರದ ನಂತರ ರೇಣುಕಾಪ್ರಸಾದ್ ಫೋನ್ ಮಾಡಿದ. "ಗೋಡೆ ದಾಟ್ತಿಲ್ಲ ಅಂತ ಮಗಳು ಹೇಳಿದ್ರು ಸಾರ್. ವಾಪಸ್ ತಂದ್ಕೊಡಿ. ಮೂರು ಕೋಡಿಂದು ಕೊಡ್ತೀನಿ, ಎಲ್ಲಿಟ್ರೂ ಬರುತ್ತೆ."

"ಬೇಡಪ್ಪ," ಎಂದರು ಷಡಕ್ಷರಪ್ಪ. "ಇದಕ್ಕಿಂತ ನಂಬಿಕಸ್ತದ್ದು ನಿನ್ನ ಅಂಗಡೀಲಿಲ್ಲ."

ಫೋನ್ ಇನ್ನೂ ಕಿವಿಯಲ್ಲಿತ್ತು. ಗೋಡೆಯಾಚೆಯಿಂದ ಕೂಗು ಬಂತು.

"ಲೋ ಷಡಕ್ಷರಿ, ಹೋಯ್ತು!"

ಷಡಕ್ಷರಪ್ಪ ಪಂಚೆ ಎತ್ತಿ ಕಟ್ಟಿ ಏಣಿಯ ಕಡೆಗೆ ಓಡಿದರು.